ಶಿರಸಿಯ ಅಕ್ಕೋರ ಮದುವೆ ಕೇಂದ್ರ: ಎರಡನೇ ಮದುವೆಗೆ ಹುಡುಕುತ್ತಿರುವವರಿಗೆ

ಶಿರಸಿಯಲ್ಲಿ ಒಂದು ವಧೂ-ವರ ಮಾಹಿತಿ ಕೇಂದ್ರ ಇದೆ. ಬೋರ್ಡ್ ಇಲ್ಲ, ಆಫೀಸ್ ಇಲ್ಲ. ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯ ಜಗುಲಿಯಲ್ಲೇ ಅದನ್ನು ನಡೆಸುತ್ತಾರೆ. ಊರಿನವರಿಗೆಲ್ಲ ಅವರು ಅಕ್ಕೋರು. ಹೆಸರು, ನಂಬರ್ ಎಲ್ಲೂ ಹಾಕಬೇಡ ಎಂದಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಶಿರಸಿ ಕಡೆಯವರ ಹತ್ತಿರ ವಿಚಾರಿಸಿದರೆ ಯಾರಾದರೂ ಮನೆ ತೋರಿಸುತ್ತಾರೆ.

ಅವರ ಮೂಲಕವೇ ನನ್ನ ಮದುವೆ ಆಗಿದ್ದು. ಅದು ಪ್ರೀತಿಸಿ ಆದ ಮದುವೆಯಲ್ಲ. ನಾನು ಕುಮಟಾದಲ್ಲಿ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ವಿಚ್ಛೇದನ ಆಗಿತ್ತು, ಮಗಳು ಏಳನೇ ಕ್ಲಾಸಿನಲ್ಲಿದ್ದಳು. ಬಾಡಿಗೆ ಮನೆ, ಅಣ್ಣನ ಮನೆಯವರ ಮುಖ, ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ಹೆದರಿಕೆ. ನನಗೆ ಬೇಕಿದ್ದದ್ದು ಒಂದು ಗಟ್ಟಿ ಮನೆ. ಇವರಿಗೆ, ಅಂದರೆ ಈಗ ನನ್ನ ಗಂಡನಿಗೆ, ಶಿರಸಿಯ ಒಳಗಿನ ಹಳ್ಳಿಯಲ್ಲಿ ಅಡಿಕೆ ತೋಟ. ನಲವತ್ತು ದಾಟಿತ್ತು. ಕಣ್ಣು ಕಾಣದ ತಾಯಿ. ತೋಟದ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಎನ್ನುವ ಮಾತು ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ. ಓದಿದ ಹುಡುಗಿಯರು ಬೆಂಗಳೂರಿಗೆ ಹೋಗುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಇವರಿಗೆ ಬೇಕಿದ್ದದ್ದು ಮನೆಯಲ್ಲಿ ಇನ್ನೊಂದು ಜೀವ. ಇಷ್ಟನ್ನು ಇಬ್ಬರೂ ಬಾಯಿಬಿಟ್ಟು ಹೇಳುವ ಹಾಗೆ ಮಾಡಿದ್ದು ಅಕ್ಕೋರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ದೊಡ್ಡ ವೆಬ್‌ಸೈಟಿನಲ್ಲಿ ಹೆಸರು ಹಾಕಿದ್ದೆ. ಅಲ್ಲಿ ಕೇಳಿದ್ದು ಎತ್ತರ, ಬಣ್ಣ, ಸಂಬಳ, ಹವ್ಯಾಸ. ಅಕ್ಕೋರು ಕೇಳಿದ್ದೇ ಬೇರೆ. ನನ್ನನ್ನು ಕೇಳಿದರು: ತಿಂಗಳ ಖರ್ಚು ಎಷ್ಟು? ಸಾಲ ಇದೆಯಾ? ಮಗಳು ಯಾರ ಹತ್ತಿರ ಮಲಗುತ್ತಾಳೆ? ಕೆಲಸ ಬಿಡೋಕೆ ಮನಸ್ಸಿದೆಯಾ, ಅಥವಾ ಬಿಡು ಅಂತಾರೆ ಅನ್ನೋ ಹೆದರಿಕೆಯಾ? ಇವರನ್ನು ಕೇಳಿದ್ದು ಇನ್ನೂ ಜಾಸ್ತಿ. ಬಸ್ ಸ್ಟಾಪಿನಿಂದ ಮನೆಗೆ ಎಷ್ಟು ದೂರ? ಮಳೆಗಾಲದಲ್ಲಿ ಹಳ್ಳ ದಾಟೋಕೆ ಕಾಲುಸಂಕ ಇದೆಯಾ? ಮೊಬೈಲ್ ಸಿಗ್ನಲ್ ಮನೆಯೊಳಗೆ ಬರುತ್ತಾ, ಗುಡ್ಡ ಹತ್ತಬೇಕಾ? ಬಚ್ಚಲು ಒಳಗಿದೆಯಾ, ಹೊರಗಾ? ತೋಟ ಯಾರ ಹೆಸರಿನಲ್ಲಿದೆ, ಪಾಲು ಆಗಿದೆಯಾ? ಅಮ್ಮನನ್ನು ನೋಡಿಕೊಳ್ಳೋಕೆ ಹೆಂಡತಿ ಬೇಕಾ? ಹಾಗಿದ್ದರೆ ಮೊದಲು ಒಬ್ಬ ಕೆಲಸದವಳನ್ನು ಹುಡುಕು, ಆಮೇಲೆ ಬಾ ಎಂದು ಒಮ್ಮೆ ವಾಪಸ್ ಕಳಿಸಿದ್ದರಂತೆ. ಇವರು ನಿಜವಾಗಲೂ ಕೆಲಸದವಳನ್ನು ಹುಡುಕಿಕೊಂಡೇ ಮತ್ತೆ ಹೋಗಿದ್ದು.

ಮನೆ ನೋಡೋಕೆ ಅವರು ಕಳಿಸುವುದು ಮಳೆಗಾಲದಲ್ಲಿ. ಆಷಾಢ ಅಲ್ವಾ ಅಕ್ಕೋರೇ ಎಂದೆ. ಮದುವೆಗೆ ಆಷಾಢ ಬೇಡ, ಮನೆ ನೋಡೋಕೆ ಏನಾಗುತ್ತೆ ಎಂದರು. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನ ಗಾಜಿನ ಹೊರಗೆ ಏನೂ ಕಾಣುತ್ತಿರಲಿಲ್ಲ. ಹಳ್ಳದ ಹತ್ತಿರ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಅಂಗಳದಲ್ಲಿ ಪಾಚಿ, ಅಟ್ಟದ ಮೇಲೆ ಹೊಗೆ, ಕರೆಂಟ್ ಇಲ್ಲ. ಬೇಸಿಗೆಯಲ್ಲಿ ಆ ಮನೆ ಎಷ್ಟು ಚಂದ ಇರುತ್ತದೆ ಎಂದು ಈಗ ಗೊತ್ತು. ಆದರೆ ಕಷ್ಟದ ದಿನದಲ್ಲಿ ನೋಡಿ ಒಪ್ಪಿದ್ದರಿಂದ, ಆಮೇಲೆ ಯಾರೂ ನನಗೆ ಮೋಸ ಮಾಡಿದರು ಅಂತ ಅನ್ನಿಸಲೇ ಇಲ್ಲ.

ಕಾಗದಪತ್ರದಲ್ಲಿ ಅಕ್ಕೋರು ಬಹಳ ಕಟ್ಟುನಿಟ್ಟು. ವಿಚ್ಛೇದನ ಆದವರು ಕೋರ್ಟಿನ ಡಿಕ್ರಿಯ ದೃಢೀಕೃತ ನಕಲು ಕೊಡಲೇಬೇಕು. ಮೇಲ್ಮನವಿಗೆ ಇರುವ 90 ದಿನ ಮುಗಿದಿದೆಯಾ ಎಂದು ದಿನಾಂಕ ನೋಡುತ್ತಾರೆ. ನನ್ನ ಮಗಳ ವಿಷಯವನ್ನು ಎತ್ತಿದ್ದೂ ಅವರೇ. ಗಂಡ ತೀರಿಕೊಂಡರೆ ಅವನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಬರುತ್ತದೆ. ಅವಳ ಮೊದಲ ಮದುವೆಯ ಮಗುವಿಗೆ ತಾನಾಗಿ ಬರುವುದಿಲ್ಲ. ದತ್ತು ತಗೊಳ್ಳಬೇಕು, ಇಲ್ಲವೇ ವಿಲ್ ಬರೆಯಬೇಕು. ಇದು ನನಗೆ ಗೊತ್ತೇ ಇರಲಿಲ್ಲ. ಮೊದಲ ಸಲ ಎದುರಾಬದುರು ಕೂತಾಗಲೇ ಅಕ್ಕೋರು ಇದನ್ನು ಇವರ ಮುಂದೆ ಇಟ್ಟರು. ನನಗೆ ನಾಚಿಕೆಯಿಂದ ತಲೆ ಎತ್ತೋಕೆ ಆಗಲಿಲ್ಲ. ಇವರು ಸ್ವಲ್ಪ ಯೋಚಿಸಿ, ವಿಲ್ ಬರೆಯುತ್ತೇನೆ ಎಂದರು. ಬರೆದರು ಕೂಡ.

ಆಮೇಲೆ ಅಕ್ಕೋರು ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ನಿಮ್ಮ ನಿಮ್ಮ ಮಾತು ಬರೆಯಿರಿ ಎಂದರು. ಕೋರ್ಟಿಗೆ ಹೋಗುವ ಕಾಗದವಲ್ಲ ಅದು, ಸುಮ್ನೆ ನೆನಪಿಗೆ. ನಾನು ಬರೆದದ್ದು: ಕೆಲಸ ಮಾಡುವುದನ್ನು ಬಿಡುವುದಿಲ್ಲ, ನನ್ನ ಸಂಬಳ ನನ್ನ ಖಾತೆಯಲ್ಲಿ, ಮಗಳ ಓದು ನಿಲ್ಲಬಾರದು, ನನಗೂ ಮಗಳಿಗೂ ಬೇರೆ ಕೋಣೆ, ಯಾವಾಗ ತನಕ ಎಂದು ಯಾರೂ ಕೇಳಬಾರದು. ಇವರು ಬರೆದದ್ದು ಮೂರೇ ಸಾಲು. ಅಮ್ಮನ ಹತ್ತಿರ ದಿನಾ ಸ್ವಲ್ಪ ಹೊತ್ತು ಮಾತಾಡಬೇಕು. ತೋಟ ಮಾರು ಎನ್ನಬಾರದು. ಸಿಟ್ಟು ಬಂದರೆ ಹೇಳಬೇಕು, ತವರಿಗೆ ಹೊರಟುಬಿಡಬಾರದು.

ದೇವಸ್ಥಾನದಲ್ಲಿ ಮದುವೆ, ಬಾಳೆ ಎಲೆಯಲ್ಲಿ ಊಟ, ಎರಡೂ ಕಡೆಯ ಹತ್ತಿರದವರು ಮಾತ್ರ. ನಂತರ ಉಪನೋಂದಣಿ ಕಚೇರಿಯಲ್ಲಿ ನೋಂದಣಿ. ಅದರ ನಕಲು ತೋರಿಸಿದ ಮೇಲೆಯೇ ಅಕ್ಕೋರು ಬಾಕಿ ಹಣ ತಗೊಂಡರು.

ಮುಂದಿನದು ಕೇಂದ್ರದ ಸೇವೆಯಲ್ಲ. ಆದರೂ ಹೇಳಲೇಬೇಕು, ಏಕೆಂದರೆ ಇಂಥ ಮದುವೆಯಲ್ಲಿ ಪ್ರೀತಿ ಇರುವುದಿಲ್ಲ ಎಂದು ನನಗೆ ತುಂಬಾ ಜನ ಹೇಳಿದ್ದರು. ನನಗೆ ಶಿರಸಿ ಪೇಟೆಯಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಸಂಜೆ ಬಸ್ಸು ಇಳಿದರೆ ಇವರು ಟಾರ್ಚ್ ಹಿಡಿದು ಕಾಲುಸಂಕದ ಹತ್ತಿರ ನಿಂತಿರುತ್ತಿದ್ದರು. ಅದು ಯಾವ ಹಾಳೆಯಲ್ಲೂ ಇರಲಿಲ್ಲ. ಮಾತು ಕಡಿಮೆ. ಮುಂದೆ ನಡೆಯುತ್ತಾ ಬೆಳಕನ್ನು ಹಿಂದಕ್ಕೆ, ನನ್ನ ಕಾಲಿನ ಹತ್ತಿರ ಬಿಡುತ್ತಿದ್ದರು.

ಅವರ ತೋಟದ ಲೆಕ್ಕವೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಅಡಿಕೆ ಬೆಳೆಗಾರರ ಸೊಸೈಟಿ ಟಿ.ಎಸ್.ಎಸ್.ನಲ್ಲಿ ಅಡಿಕೆ ಬಿಟ್ಟ ಪಟ್ಟಿ, ಗೊಬ್ಬರದ ಬಿಲ್, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನಿಗೆ ಕೊಟ್ಟ ಮುಂಗಡ, ಎಲ್ಲ ಒಟ್ಟಿಗೆ. ರಾತ್ರಿ ಊಟದ ಮೇಲೆ ಇಬ್ಬರೂ ಕೂತು ಬರೆದೆವು. ಒಣಗಿಸಿದ ಚಾಲಿ ಅಡಿಕೆ ಎಷ್ಟು, ಬೇಯಿಸಿದ ರಾಶಿ ಅಡಿಕೆ ಎಷ್ಟು, ಕೂಲಿ ಎಷ್ಟು. ಒಬ್ಬ ಗಂಡಸು ತನ್ನ ಸಾಲವನ್ನು ಮುಚ್ಚುಮರೆ ಇಲ್ಲದೆ ನನ್ನ ಮುಂದೆ ಓದಿದ್ದು ಅದೇ ಮೊದಲು. ನನಗೆ ಇವರ ಮೇಲೆ ಮನಸ್ಸು ಬಂದಿದ್ದು ಆ ಡಬ್ಬಿಯ ಮುಂದೆ.

ಆಮೇಲೆ ಮಳೆ ಹಿಡಿಯಿತು, ಅಡಿಕೆಗೆ ಕೊಳೆ ರೋಗದ ಮದ್ದು ಹೊಡೆಯುವ ಸಮಯ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ದ್ರಾವಣ ಸರಿ ಬಂತಾ ಎಂದು ನೋಡೋಕೆ ಕಬ್ಬಿಣದ ಕತ್ತಿ ಅದ್ದಿ ತೆಗೆಯಬೇಕು. ಕತ್ತಿಯ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಇವರು ಕತ್ತಿಯನ್ನು ನನ್ನ ಕೈಗೆ ಕೊಟ್ಟು, ನೀನೇ ನೋಡಿ ಹೇಳು ಎಂದರು. ನಾನು ಇನ್ನು ಸ್ವಲ್ಪ ಸುಣ್ಣ ಎಂದೆ. ಮರುಮಾತಿಲ್ಲದೆ ಹಾಕಿದರು. ಹನ್ನೊಂದು ವರ್ಷದ ಮೊದಲ ಮದುವೆಯಲ್ಲಿ ನನ್ನ ಮಾತಿನ ಮೇಲೆ ಯಾರೂ ಏನೂ ಮಾಡಿರಲಿಲ್ಲ.

ಆ ವರ್ಷ ಅಡಿಕೆಯ ಕೊನೆ ಕೊಯ್ಲು ಮುಗಿದ ಮೇಲೆ ನನ್ನ ಹಾಳೆ ತೆಗೆದು, ಬೇರೆ ಕೋಣೆಯ ಸಾಲನ್ನು ನಾನೇ ಹೊಡೆದು ಹಾಕಿದೆ. ಹಾಳೆಯನ್ನು ಇವರ ಊಟದ ಮಣೆಯ ಹತ್ತಿರ ಇಟ್ಟೆ. ಓದಿದರು. ಅವತ್ತು ಅಪ್ಪೆಹುಳಿಯನ್ನು ಮೂರು ಸಲ ಹಾಕಿಸಿಕೊಂಡರು.

ಕೇಂದ್ರದಲ್ಲಿ ನನಗೆ ಸರಿ ಕಾಣದ ಸಂಗತಿಗಳೂ ಇವೆ. ದೊಡ್ಡದು ಯಾವುದೆಂದರೆ, ವಿಧವೆಯರು ಮತ್ತು ವಿಚ್ಛೇದಿತೆಯರ ಹೆಸರು ಬೇರೆಯೇ ಪುಸ್ತಕದಲ್ಲಿ. ಗಂಡಸರಲ್ಲಿ ಎರಡನೇ ಮದುವೆಯವರ ಹೆಸರು ಮಾತ್ರ ಉಳಿದವರ ಜೊತೆಯಲ್ಲೇ. ಇದು ತಪ್ಪು. ಅಕ್ಕೋರ ಮುಖಕ್ಕೇ ಹೇಳಿದ್ದೇನೆ. ಬರುವ ಗಂಡಿನ ಮನೆಯವರು ಹಾಗೇ ಕೇಳುತ್ತಾರೆ ಎಂದರು. ಕೇಳಿದರೆ ಕೇಳಲಿ, ಒಂದೇ ಪುಸ್ತಕ ಮುಂದಿಡಿ ಎಂದೆ. ಇನ್ನೂ ಬದಲಾಗಿಲ್ಲ. ಒಳಪಂಗಡ, ಜಾತಕ ಬೇಡ ಎನ್ನುವವರಿಗೂ ಇಲ್ಲಿ ಆಯ್ಕೆ ಕಡಿಮೆ. ಫೋಟೋ ವಾಟ್ಸಾಪ್‌ನಲ್ಲಿ ಕಳಿಸುವುದಿಲ್ಲ, ಅದು ಒಳ್ಳೆಯದೇ, ಆದರೆ ದೂರದವರಿಗೆ ಓಡಾಟ ಜಾಸ್ತಿ.

ಹೆಸರು ಬರೆಸೋಕೆ 500 ರೂಪಾಯಿ, ಮದುವೆ ಆದ ಮೇಲೆ 5,000. ನಡುವೆ ಬೇರೇನೂ ಕೇಳುವುದಿಲ್ಲ. ನೀವು ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಅಕ್ಕೋರು ಫೋನ್ ಎತ್ತುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಹೋಗಲೇಬೇಡಿ, ಮನೆ ತುಂಬ ನೆಂಟರು. ಕೊನೆ ಕೊಯ್ಲಿನ ಸಮಯದಲ್ಲಿ ತೋಟದ ಕಡೆಯವರು ಯಾರೂ ಭೇಟಿಗೆ ಸಿಗುವುದಿಲ್ಲ. ಆಧಾರ್, ಡಿಕ್ರಿ ಅಥವಾ ಮರಣ ಪ್ರಮಾಣಪತ್ರ, ಸಾಲ ಇದ್ದರೆ ಅದರ ಕಾಗದ ಒಯ್ಯಿರಿ. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅಕ್ಕೋರು ಅವರನ್ನು ಬೇರೆ ಕೂರಿಸಿಕೊಂಡು ಮಾತಾಡಿಸುತ್ತಾರೆ. ಮಕ್ಕಳು ಬೇಡ ಎಂದ ಸಂಬಂಧವನ್ನು ಮುಂದೆ ಒಯ್ಯುವುದಿಲ್ಲ.