ಅಗ್ಗದ ಸೆಮಿ-ಹಾಲೊ ಗಿಟಾರ್: ಮೂರರಲ್ಲಿ ನನ್ನ ಕೈಯಲ್ಲಿ ಉಳಿದದ್ದು

ಸೆಮಿ-ಹಾಲೊ ಎಂದರೆ ಅರೆಟೊಳ್ಳು ಒಡಲಿನ ಎಲೆಕ್ಟ್ರಿಕ್ ಗಿಟಾರ್. ನನ್ನಲ್ಲಿ ಉಳಿದದ್ದು 335 ಅಚ್ಚಿನದು: ಒಡಲ ನಡುವೆ ಮರದ ದಿಂಡು, ಎರಡು ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಜೋಡಿ ಸುರುಳಿ), ಅಲುಗಾಡದ ಸೇತುವೆ (ಒಡಲ ಮೇಲೆ ತಂತಿಗಳು ಆತುಕೊಳ್ಳುವ ಪಟ್ಟಿ). 1958ರಲ್ಲಿ ಗಿಬ್ಸನ್ ಕಂಪನಿಯ ಇಎಸ್-335 ಬಂದಾಗಿನಿಂದ ಈ ಆಕಾರವನ್ನು ಅನುಕರಿಸದವರು ಕಡಿಮೆ. ನನ್ನದೂ ಅಂಥದೊಂದು ಅಗ್ಗದ ಅನುಕರಣೆಯೇ. ಅದಕ್ಕೆ ಎದುರಾಳಿಗಳು ಎರಡು. ಒಂದು, ದಿಂಡೇ ಇಲ್ಲದ, ಪಿ-90 ಎಂಬ ಒಂಟಿ ಸುರುಳಿಯ ಪಿಕಪ್‌ಗಳ ಪೂರ್ತಿ ಟೊಳ್ಳು ಗಿಟಾರ್. ಇನ್ನೊಂದು, ದಿಂಡಿನ ಜತೆಗೆ ವೈಬ್ರಾಟೊ ಹಿಡಿಯೂ (ಒತ್ತಿ ಸ್ವರವನ್ನು ಅಲುಗಿಸುವ ಸಲಾಕೆ) ಇರುವುದು.

ನೋಟಕ್ಕೆ ಹಿಡಿಯಿರುವುದೇ ಗೆಲ್ಲುತ್ತದೆ. ಆದರೆ ಹಿಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಮೂರನೆಯ ತಂತಿ, ಕತ್ತಿನ ತುದಿಯಲ್ಲಿ ತಂತಿಗಳನ್ನು ಹಿಡಿದಿಡುವ ಪಟ್ಟಿಯಾದ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಂಡು, ಶ್ರುತಿಗೆ ಮರಳುವುದೇ ಇಲ್ಲ. ಪೆನ್ಸಿಲ್ ಸೀಸ ಸವರಿದರೆ ಕೊಂಚ ವಾಸಿ. ತಂತಿ ಬದಲಿಸುವುದು ಬೇರೆಯೇ ತಾಪತ್ರಯ.

ಪೂರ್ತಿ ಟೊಳ್ಳಿನದು ಹಗುರ. ಆಂಪ್ಲಿಫೈಯರ್ ಇಲ್ಲದೆಯೂ ಕೋಣೆ ತುಂಬುವಷ್ಟು ನುಡಿಯುತ್ತದೆ. ಗೇನ್ (ಆಂಪ್ಲಿಫೈಯರ್ ದನಿಯನ್ನು ಹಿಗ್ಗಿಸುವ ಮಟ್ಟ) ಏರಿಸಿದ ಕೂಡಲೇ ಮಾತ್ರ ಊಳಿಡಲು ಶುರು. ಮೇಲ್ಮೈಯ ಕಂಪನವನ್ನು ಹಿಡಿದಿಡಲು ಒಳಗೆ ದಿಂಡಿಲ್ಲವಲ್ಲ! ಪಿ-90ರ ಗುಂಯ್‌ಗುಡುವಿಕೆ ಬೇರೆ.

ಹಾಗೆಂದು ನನ್ನ ಮೆಚ್ಚಿನದು ಸಾಧುಪ್ರಾಣಿಯೇನಲ್ಲ. ಕೇಬಲ್ ಚುಚ್ಚುವ ಜ್ಯಾಕ್‌ನ ತಿರುಪಿನ ನಟ್ ಮೆಲ್ಲಗೆ ಸಡಿಲವಾಗುತ್ತದೆ. ಹೊರಗಿನಿಂದ ಬಿಗಿ ಮಾಡಲು ಹೋದರೆ ಒಳಗೆ ಜ್ಯಾಕ್ ಕೂಡ ತಿರುಗಿ, ವೈರ್ ಹುರಿಗೊಂಡು ಬೆಸುಗೆ ಕಿತ್ತುಬರುತ್ತದೆ. ಹಿಂಬದಿಯಲ್ಲಿ ಮುಚ್ಚಳವಿಲ್ಲ, ಇರುವ ಬಾಗಿಲೆಂದರೆ ಎಫ್ ಆಕಾರದ ಕಿಂಡಿಯೊಂದೇ. ಅದರಲ್ಲಿ ಎರಡು ಬೆರಳು ಹೋದರೆ ಹೆಚ್ಚು.

ಜ್ಯಾಕನ್ನು ಕಿಂಡಿಯಿಂದ ಹೊರಗೆಳೆದು ಬೆಸೆಯುವುದು ಸುಲಭ, ಮರಳಿ ಕೂರಿಸುವುದೇ ತಪಸ್ಸು. ಜ್ಯಾಕ್‌ನ ರಂಧ್ರದಿಂದ ದಾರ ಇಳಿಬಿಟ್ಟು, ಅದರ ತುದಿಯನ್ನು ಕಿಂಡಿಯಿಂದ ಈಚೆಗೆ ತೆಗೆದು, ಜ್ಯಾಕ್‌ನ ಬಾಯಿಯೊಳಗೆ ತೂರಿಸಿ, ಹಿಂದುಗಡೆ ಬೆಂಕಿಕಡ್ಡಿಯ ತುಂಡೊಂದನ್ನು ಅಡ್ಡಕ್ಕೆ ಕಟ್ಟಬೇಕು. ದಾರದ ಹೊರತುದಿಗೆ ವಾಷರ್, ನಟ್ ಪೋಣಿಸಿಕೊಂಡು ಎಳೆದರೆ ಜ್ಯಾಕ್ ತಾನಾಗಿ ರಂಧ್ರಕ್ಕೆ ಬಂದು ನಿಲ್ಲುತ್ತದೆ. ಬಿಗಿದಾದ ಮೇಲೆ ದಾರ ಕತ್ತರಿಸಿ, ಗಿಟಾರನ್ನು ಬೋರಲು ಹಾಕಿ ಕಡ್ಡಿಯ ತುಂಡನ್ನು ಅಲುಗಾಡಿಸಿ ಹೊರಗೆ ಬೀಳಿಸಿದರಾಯಿತು. ಈ ಸಲ ಹಲ್ಲುಳ್ಳ ವಾಷರ್ ಹಾಕಿದ್ದೇನೆ, ಮತ್ತೆ ಸಡಿಲವಾಗಿಲ್ಲ. ಇಷ್ಟಕ್ಕೆಲ್ಲ ತಾಳ್ಮೆಯಿಲ್ಲದವರು ಹಿಂಬದಿಯಲ್ಲಿ ಮುಚ್ಚಳವಿರುವ ಮಾದರಿಯನ್ನೇ ಹುಡುಕುವುದು ಒಳ್ಳೆಯದು.

ಈ ತೊಂದರೆ ಉಳಿದೆರಡಕ್ಕೂ ತಪ್ಪಿದ್ದಲ್ಲ, ಅವುಗಳ ಒಡಲಿಗೂ ಕಿಂಡಿಯೇ ದಾರಿ. ಹಾಗಾಗಿ ಅದನ್ನು ತೂಕಕ್ಕೆ ಹಾಕಲಿಲ್ಲ. ನಾನು ಬಾರಿಸುವುದು ಹೆಚ್ಚಾಗಿ ಕತ್ತಿನ ಕಡೆಯ ಪಿಕಪ್‌ನಲ್ಲಿ, ಟೋನ್ ಅರ್ಧಕ್ಕೆ ಇಳಿಸಿ. ಆಗೊಮ್ಮೆ ಈಗೊಮ್ಮೆ ಗೆಳೆಯರ ಡ್ರಮ್ಸ್ ಜತೆ ಜೋರಾಗಿ. ಎರಡಕ್ಕೂ ಒಂದೇ ಗಿಟಾರ್ ಕೊಳ್ಳುವಷ್ಟೇ ಜೇಬು. ಮನೆಯಲ್ಲಿ ಕುಳಿತು ಮೆಲ್ಲಗೆ ಮಾತ್ರ ಬಾರಿಸುವವನಾಗಿದ್ದರೆ ಪೂರ್ತಿ ಟೊಳ್ಳಿನದನ್ನೇ ಇಟ್ಟುಕೊಳ್ಳುತ್ತಿದ್ದೆ. ಹಿಡಿಯಿರುವುದನ್ನಂತೂ ಯಾವ ಲೆಕ್ಕದಲ್ಲೂ ಇಟ್ಟುಕೊಳ್ಳುತ್ತಿರಲಿಲ್ಲ.