ಎಚ್ಚಿಂಗ್ ಕೆಲಸ ಹೊರಗೆ ಕೊಡ್ತೀರಾ? ಮೊದಲು ಸ್ಯಾಂಪಲ್ಲಿನ ದಪ್ಪ ಅಳೆಯಿರಿ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಲೇಥ್ ಕೆಲಸವೇ ಜಾಸ್ತಿ. ಕಳೆದ ಮಳೆಗಾಲದಲ್ಲಿ ಹೈಡ್ರಾಲಿಕ್ ವಾಲ್ವ್ ಮಾಡುವ ಗಿರಾಕಿಯೊಬ್ಬರು 600 ಜಾಳಿಗೆ ಡಿಸ್ಕ್ ಕೇಳಿದರು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, 0.5 ಮಿಮೀ ದಪ್ಪ, ತೂತು 0.4 ಮಿಮೀ. ಒಂದೊಂದು ಡಿಸ್ಕಿಗೂ ನೂರಾರು ತೂತು.

ಪಂಚ್ ಹೊಡೆದರೆ ಪಿನ್ನು ಮುರಿಯುತ್ತದೆ, ತೂತಿನ ಅಂಚಿನಲ್ಲಿ ಚೂಪು ಬರ್ ಬೇರೆ ಏಳುತ್ತದೆ. ಪಕ್ಕದ ಶೆಡ್ಡಿನ ಕಾಕಾ ಎಚ್ಚಿಂಗ್ ಮಾಡಿಸು ಅಂದರು, ಅಂದರೆ ದ್ರಾವಣದಿಂದ ಲೋಹ ತಿನ್ನಿಸಿ ತೂತು ಮಾಡುವುದು. ಲೋಹದ ಹಾಳೆಯ ಎರಡೂ ಬದಿಗೆ ಬೆಳಕಿಗೆ ಗಟ್ಟಿಯಾಗುವ ಪದರ ಅಂಟಿಸಿ, ಡ್ರಾಯಿಂಗಿನ ಫಿಲ್ಮ್ ಇಟ್ಟು ಯುವಿ ಬೆಳಕು ಬಿಡುತ್ತಾರೆ. ಬೆಳಕು ತಾಗದ ಕಡೆ ಪದರ ತೊಳೆದು ಹೋಗುತ್ತದೆ, ಅಲ್ಲಿ ಫೆರಿಕ್ ಕ್ಲೋರೈಡ್ ದ್ರಾವಣ ಲೋಹವನ್ನು ತಿನ್ನುತ್ತದೆ. ಡೈ (ಪಂಚಿನ ಅಚ್ಚು) ಮಾಡಿಸುವ ಖರ್ಚಿಲ್ಲ, ಬರ್ ಇಲ್ಲ. ಇದೆಲ್ಲ ನಿಜವೇ.

ಹೊರ ಊರಿನ ಒಂದು ಘಟಕದವರಿಗೆ ಫೋನ್ ಮಾಡಿ ಡ್ರಾಯಿಂಗ್ ಕಳಿಸಿದೆ. "ಆಗ್ತೈತಿ ತಗೋರಿ ಸರ, ಏನೂ ಚಿಂತಿ ಮಾಡಬ್ಯಾಡ್ರಿ" ಅಂದರು. ಐದು ಸ್ಯಾಂಪಲ್ ಬಂದವು. ಬೆಳಕಿಗೆ ಹಿಡಿದರೆ ನಕ್ಷತ್ರದ ಹಾಗೆ ಕಾಣುತ್ತಿತ್ತು. ತೂತಿನ ಅಳತೆ ನೋಡುವ ಪಿನ್ ಗೇಜ್ ಹಾಕಿದೆ, ಸರಿಯಾಗಿ ಇಳಿಯಿತು. ಖುಷಿಯಲ್ಲಿ ಅರ್ಧ ದುಡ್ಡು ಅಡ್ವಾನ್ಸ್ ಹಾಕಿಬಿಟ್ಟೆ.

ನಾನು ಎಡವಿದ್ದು ಅಲ್ಲೇ. ತೂತು ಅಳೆದೆ, ಹಾಳೆಯ ದಪ್ಪ ಅಳೆಯಲಿಲ್ಲ.

ಪೂರ್ತಿ ಲಾಟ್ ಬಂದಾಗ ಅದೇ ಪಿನ್ನು ತೂತಿನ ಬಾಯಿಯೊಳಗೆ ಹೋಗಿ ನಡುವೆ ನಿಂತಿತು. ಕೆಲವು ತೂತು ತೆರೆದೇ ಇರಲಿಲ್ಲ. ಇನ್ನು ಕೆಲವು ಡಿಸ್ಕಿನಲ್ಲಿ ನಡು ತೆರೆದಿದೆ, ಬಾಯಿ ಮಾತ್ರ 0.5 ದಾಟಿದೆ. ಹಳೆ ಸ್ಯಾಂಪಲ್ ತೆಗೆದು ಮೈಕ್ರೋಮೀಟರ್ ಹಚ್ಚಿದೆ. 0.3! ಕೈಗೆ ಸಿಕ್ಕ ತೆಳು ಹಾಳೆಯಲ್ಲಿ ಮಾಡಿ ಕಳಿಸಿದ್ದರು.

ದ್ರಾವಣ ನೆಟ್ಟಗೆ ಕೆಳಗೆ ಮಾತ್ರ ಇಳಿಯುವುದಿಲ್ಲ, ಪಕ್ಕಕ್ಕೂ ತಿನ್ನುತ್ತಾ ಹೋಗುತ್ತದೆ. ಎರಡೂ ಬದಿಯಿಂದ ತಿಂದು ನಡುವೆ ಸೇರುವಾಗ ಅಲ್ಲೊಂದು ಏಣು ಉಳಿಯುತ್ತದೆ, ಡಮರುವಿನ ಸೊಂಟದ ಹಾಗೆ. ಅದನ್ನು ತೆರೆಯಲು ಇನ್ನಷ್ಟು ಹೊತ್ತು ಬಿಟ್ಟರೆ ಬಾಯಿ ಅಗಲವಾಗುತ್ತದೆ. ಅದಕ್ಕೇ ತೂತಿನ ಅಗಲ ಹಾಳೆಯ ದಪ್ಪಕ್ಕಿಂತ ತುಸು ಜಾಸ್ತಿಯೇ ಇರಬೇಕು. ಅಳತೆಯ ಹೆಚ್ಚುಕಮ್ಮಿಯೂ ಸುಮಾರಾಗಿ ದಪ್ಪದ 10% ಇರುತ್ತದೆ. ನನ್ನ ಡ್ರಾಯಿಂಗ್ ನೋಡಿದ ತಕ್ಷಣ ಅವರು ಇದನ್ನು ಹೇಳಬೇಕಿತ್ತು, ಅಲ್ವಾ? ಈ ಕೆಲಸದವರಿಗೆ ಇದು ಅ ಆ ಇ ಈ.

ಅಷ್ಟಕ್ಕೇ ಮುಗಿಯಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದ ಡಿಸ್ಕುಗಳ ಮೇಲೆ ಹದಿನೈದು ದಿನದಲ್ಲಿ ಕಂದು ಚುಕ್ಕೆ. ಸ್ಟೇನ್‌ಲೆಸ್‌ಗೆ ತುಕ್ಕೇ ಅಂತ ನಗಬೇಡಿ. ಸರಿಯಾಗಿ ತೊಳೆಯದೆ ಕ್ಲೋರೈಡ್ ಉಳಿದರೆ 304ಕ್ಕೂ ಹಿಡಿಯುತ್ತದೆ, ಅದರಲ್ಲೂ ನಮ್ಮೂರಿನ ಜುಲೈ ಮಳೆಯಲ್ಲಿ.

ಕೇಳಿದರೆ "ಡ್ರಾಯಿಂಗ್ ನಿಮ್ಮದರೀ" ಅಂದರು. ಮಾತು ಒಂದು ಮಟ್ಟಿಗೆ ನಿಜ. ಆದರೆ ಸ್ಯಾಂಪಲ್ ಅವರದ್ದು. ಜಗಳಾಡಿ ಉಳಿದರ್ಧ ಕೊಡಲಿಲ್ಲ, ಅಡ್ವಾನ್ಸ್ ಹೋಯಿತು. ಕೊನೆಗೆ ಗಿರಾಕಿಯೇ 0.3 ಹಾಳೆಗೆ ಒಪ್ಪಿ, ಡಿಸ್ಕಿನ ಹಿಂಬದಿಗೆ ಆಧಾರವಾಗಿ ಒಂದು ರಿಂಗ್ ಸೇರಿಸಿಕೊಂಡರು. ಆ ಕೆಲಸ ಬೇರೆಯವರಿಗೆ ಕೊಟ್ಟೆ. ಈಗ ಆರ್ಡರಿನಲ್ಲಿ ಮೂರು ಮಾತು ಬರೆಯುತ್ತೇನೆ: ಸ್ಯಾಂಪಲ್ ಅದೇ ದಪ್ಪದ ಹಾಳೆಯಲ್ಲೇ ಬರಬೇಕು, ಪಿನ್ನು ಈ ಬದಿಯಿಂದ ಆ ಬದಿಗೆ ಪೂರ್ತಿ ಇಳಿಯಬೇಕು, ತೊಳೆದು ಒಣಗಿಸಿಯೇ ಕಟ್ಟಬೇಕು.

ಹಳೆ ಲಾಟ್ ಇನ್ನೂ ಶೆಡ್ಡಿನ ಮೂಲೆಯಲ್ಲೇ ಇದೆ. ಮೊನ್ನೆ ಗುಜರಿಯವನು ಒಂದು ಡಿಸ್ಕ್ ಎತ್ತಿ ನೋಡಿ, ಚಹಾ ಸೋಸಲು ಬರುತ್ತದಾ ಅಂತ ಕೇಳಿದ.