ನಮ್ಮ ಮಾಜಿ ಸೈನಿಕರ ಭವನಕ್ಕೆ ನಕ್ಷೆ ಬರೆದವರು

ಮಡಿಕೇರಿಯಲ್ಲಿ ನಮ್ಮ ಮಾಜಿ ಸೈನಿಕರ ಭವನಕ್ಕೆ ನಕ್ಷೆ ಮಾಡಿಸಿದ್ದು ಮೈಸೂರಿನ ಆರ್ಕಿಟೆಕ್ಟ್ ಒಬ್ಬರಿಂದ. ಜುಲೈ ಮಳೆಯಲ್ಲೇ ಬಂದು, ಎರಚಲು ಯಾವ ಕಡೆಯಿಂದ ಹೊಡೆಯುತ್ತದೆಂದು ನೋಡಿಕೊಂಡು ಹೋದರು. ಹಾಗಾಗಿ ಇಳಿಜಾರು ಹೆಂಚಿನ ಮಾಡು, ಅಗಲ ಸೂರು.

ಮೊದಲ ನಕ್ಷೆಯಲ್ಲಿ ಬಾಗಿಲಿಗೆ ಐದು ಮೆಟ್ಟಿಲಿತ್ತು. ಕಾಲು ಕಳೆದುಕೊಂಡ ನಮ್ಮ ಹವಾಲ್ದಾರರೊಬ್ಬರು ವೀಲ್‌ಚೇರಿನಲ್ಲಿ ಬರುತ್ತಾರೆ ಎಂದೆ. ಮರುಮಾತಿಲ್ಲದೆ ಅಲ್ಲೇ ಅಳೆದು, ಎರಡೂವರೆ ಅಡಿ ಎತ್ತರಕ್ಕೆ 30 ಅಡಿ ರ‍್ಯಾಂಪ್ ಬರೆದರು, 1:12 ಇಳಿಜಾರು, ಅಂದರೆ ಒಂದಡಿ ಏರಲು ಹನ್ನೆರಡಡಿ ಉದ್ದ. ನನಗೆ ಅಷ್ಟೇ ಸಾಕಿತ್ತು! ನಕ್ಷೆಯಲ್ಲಿ ಬ್ಯಾಡ್ಮಿಂಟನ್ ಅಂಕಣವೂ ಇದೆ, 13.4 × 6.1 ಮೀಟರ್, ಸುತ್ತ ಓಡಾಡಲು ಧಾರಾಳ ಜಾಗ.

ಅಂತಿಮ ನಕ್ಷೆ ಎರಡು ತಿಂಗಳು ತಡವಾಯಿತು, ಅದೊಂದು ಬೇಸರ. ಆದರೂ ಬೇರೆ ಸಂಘದವರು ಕೇಳಿದರೆ ಇವರ ಹೆಸರನ್ನೇ ಹೇಳುತ್ತೇನೆ. ಯಾರನ್ನೇ ಹಿಡಿಯಿರಿ, ಆರ್ಕಿಟೆಕ್ಟರನ್ನು ನೋಂದಾಯಿಸುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ನೋಂದಣಿ ಸಂಖ್ಯೆ ಮೊದಲು ಕೇಳಿ.